ಅಡುಗೆಮನೆಯ ಕಪಾಟಿನ ಬಣ್ಣಕ್ಕೂ ಒಂದು ಚರಿತ್ರೆಯಿದೆ

ಬೇಲೂರು, ಹಳೇಬೀಡು, ಅರಸೀಕೆರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಲ್ಲು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, ಸುಮಾರು 1220ರ ಅರಸೀಕೆರೆಯ ಈಶ್ವರ ದೇವಾಲಯ, ಎಲ್ಲವೂ ಬಳಪದ ಕಲ್ಲಿನಲ್ಲಿ ಅರಳಿದವು. 2023ರಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳು ಸೋಮನಾಥಪುರದ ಜೊತೆಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಅರಸರು ಕಟ್ಟಿಸಿದ ಕಲ್ಲಿನ ಚರಿತ್ರೆಯನ್ನು ನಾವು ಬೇಕಾದಷ್ಟು ಬರೆದಿದ್ದೇವೆ. ಆದರೆ ಅದೇ ಊರುಗಳ ಸಾಮಾನ್ಯರ ಅಡುಗೆಮನೆಯ ಚರಿತ್ರೆಯನ್ನು ಬರೆದವರು ಎಷ್ಟು ಮಂದಿ?

ಈ ಊರುಗಳಲ್ಲಿ ಇಂದು ಮನೆ ರಿಪೇರಿಗೆ ಕೈಹಾಕಿದವರೆಲ್ಲ ಒಂದು ಪ್ರಶ್ನೆಯನ್ನು ಎದುರಿಸುತ್ತಾರೆ. ಅಡುಗೆಮನೆಯ ಹಳೆಯ ಮರದ ಕಪಾಟನ್ನು ಎಸೆಯಲು ಮನಸ್ಸಿಲ್ಲ. ಹೊಸದಾಗಿ ಬಣ್ಣ ಬಳಿಯೋಣ, ಆದರೆ ಯಾವ ಬಣ್ಣ? ಇದು ಬರೀ ಕಣ್ಣಿಗೆ ಸಂಬಂಧಿಸಿದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಚರಿತ್ರೆ ಹೇಳುವುದು ಬೇರೆಯೇ.

ಹೊಗೆಯ ಕಾಲ

ಬಳಪದ ಕಲ್ಲಿಗೆ ತನ್ನದೇ ಬಣ್ಣವಿದೆ, ಶತಮಾನಗಳ ಮಳೆಬಿಸಿಲನ್ನು ತಡೆಯುವ ಶಕ್ತಿಯೂ ಇದೆ. ಮರಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ಗೆದ್ದಲು ಶತ್ರು, ತೇವ ಶತ್ರು. ಹಾಗಾಗಿ ಮರಕ್ಕೆ ಬಣ್ಣ ಬಂದದ್ದು ಮೊದಲು ರಕ್ಷಣೆಗಾಗಿ, ಅಂದ ಆಮೇಲಿನ ಮಾತು. ಮಲೆನಾಡಿನ ಅಂಚಿನ ಬೇಲೂರಿಗೂ ತೆಂಗಿನ ಬಯಲುಸೀಮೆಯಾದ ಅರಸೀಕೆರೆಗೂ ಹವೆಯಲ್ಲಿ ವ್ಯತ್ಯಾಸವಿದ್ದರೂ ಎರಡೂ ಕಡೆ ಸೌದೆಯ ಒಲೆಯೇ ಉರಿಯುತ್ತಿತ್ತು. ಅರಸೀಕೆರೆಯ ಕಡೆ ತೆಂಗಿನ ಮಟ್ಟೆ, ಗರಿ, ಚಿಪ್ಪುಗಳೇ ಉರುವಲು. ಆ ಹೊಗೆ ತೊಲೆ, ಅಟ್ಟ, ಬಾಗಿಲುಗಳ ಮೇಲೆ ಕೂತು ಕಪ್ಪು ಮೆರುಗು ಹಚ್ಚುತ್ತಿತ್ತು. ಯಾರೂ ಆರಿಸದ, ಎಲ್ಲರ ಮನೆಯಲ್ಲೂ ಇದ್ದ ಬಣ್ಣ ಅದು.

ಆಗ ಪಾತ್ರೆಗಳಿದ್ದದ್ದು ಗೋಡೆಯ ಗೂಡಿನಲ್ಲಿ, ಅಟ್ಟದ ಮೇಲೆ. ಹಾಲು ಮೊಸರು ನೆಲುವಿನಲ್ಲಿ. ಬಾಗಿಲಿರುವ ಮರದ ಕಪಾಟು ಸಾಮಾನ್ಯರ ಅಡುಗೆಮನೆಗೆ ತಡವಾಗಿ ಬಂತು. ಅದರ ಹೆಸರುಗಳನ್ನೇ ನೋಡಿ. ಕಪಾಟು ಎಂಬುದು ಬಾಗಿಲು ಎಂಬರ್ಥದ ಸಂಸ್ಕೃತ ಪದದಿಂದ ಬಂದದ್ದು. ಅಲಮಾರಿ ಪೋರ್ಚುಗೀಸರಿಂದ ಬಂದದ್ದು. ಬೀರು ಕೂಡ ಯುರೋಪಿನದೇ.

ಗೋಡೆಗೆ ಸುಣ್ಣ, ಅಂಚಿಗೆ ಕಾವಿ. ಯುಗಾದಿಗೆ ಮೊದಲು ಒಂದು ಮನೆಯಲ್ಲಿ, ರಂಝಾನಿಗೆ ಮೊದಲು ಪಕ್ಕದ ಮನೆಯಲ್ಲಿ ಅದೇ ಸುಣ್ಣ, ಅದೇ ಕುಂಚ. ಬಿಳುಪು ಹೆಚ್ಚಲೆಂದು ಚಿಟಿಕೆ ನೀಲಿ. ಸುಣ್ಣ ಅಗ್ಗವಾಗಿತ್ತು. ಕತ್ತಲೆಯ ಅಡುಗೆಮನೆಗೆ ಬೆಳಕು ತರುತ್ತಿತ್ತು. ಅದರ ಕ್ಷಾರಗುಣ ಗೋಡೆಯಲ್ಲಿ ಬೂಷ್ಟು ಬೆಳೆಯಲು ಬಿಡುತ್ತಿರಲಿಲ್ಲ. ಅಂದಿನವರ ಆಯ್ಕೆಯ ಹಿಂದೆ ಹೀಗೊಂದು ವಿವೇಕವಿತ್ತು.

ಅರಗಿನಿಂದ ಕಾರ್ಖಾನೆಗೆ

ಮರಕ್ಕೆ ಬಣ್ಣ ಹಚ್ಚುವ ಕಲೆಯೇನೂ ನಮ್ಮ ಸೀಮೆಗೆ ಹೊಸದಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಈ ಕಸುಬಿಗೆ ಟಿಪ್ಪು ಸುಲ್ತಾನ್ ಆಶ್ರಯ ಕೊಟ್ಟನೆಂಬುದು ಅಲ್ಲಿನ ಜನರ ನಂಬಿಕೆ. ಹಿಂದೂ, ಮುಸ್ಲಿಂ ಎರಡೂ ಸಮುದಾಯದ ಕೈಗಳು ಇದನ್ನು ಉಳಿಸಿವೆ. ಅರಿಶಿನದ ಹಳದಿಯನ್ನೂ ನೀಲಿಗಿಡದ ನೀಲಿಯನ್ನೂ ಬಳಸುವ ಈ ಆಟಿಕೆಗಳನ್ನು ಮಗು ಬಾಯಿಗೆ ಹಾಕಿಕೊಂಡರೂ ತಾಯಿ ಹೆದರಬೇಕಿರಲಿಲ್ಲ. ಈ ಮಾತನ್ನು ನೆನಪಿಡೋಣ, ಮುಂದೆ ಬೇಕಾಗುತ್ತದೆ.

ಕಾಡಿನ ಅರಗನ್ನು ನಂಬಿಯೇ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಅದೇ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುತ್ತಿರುವುದೂ ಅಲ್ಲಿಯೇ.

ಡಬ್ಬಿಯೊಳಗಿನ ವಿಷ

19ನೇ ಶತಮಾನದ ಕೊನೆಯ ಹೊತ್ತಿಗೆ ಅರಸೀಕೆರೆಯ ಮೂಲಕ ರೈಲು ಹಾದುಹೋಯಿತು. ಕೊಬ್ಬರಿ ಹೊರಗೆ ಹೋಗುವ ದಾರಿಯಲ್ಲೇ ಪೇಟೆಯ ಸರಕು ಒಳಗೆ ಬಂತು. ಮುಂದೆ ಡಬ್ಬಿಯ ಎಣ್ಣೆಬಣ್ಣ, ಎನಾಮೆಲ್ ಸಣ್ಣ ಊರುಗಳ ಅಂಗಡಿಗೂ ತಲುಪಿದವು. ಹಸಿರು ಬಾಗಿಲು, ಹಳದಿ ಕಪಾಟು ಮನೆಯ ಅಂತಸ್ತಿನ ಗುರುತಾದವು. ಒರೆಸಿದರೆ ಹೊಳೆಯುವ, ಜಿಡ್ಡು ಹಿಡಿಯದ ಬಣ್ಣ ಯಾವ ಗೃಹಿಣಿಗೆ ಬೇಡ?

ಆದರೆ ಆ ಹೊಳಪಿನ ಹಿಂದೆ ಅನೇಕ ಸಲ ಸೀಸವಿತ್ತು. ಬಿಳಿಗೆ ಬಿಳಿ ಸೀಸ, ಹಳದಿಗೆ ಸೀಸದ ಕ್ರೋಮೇಟ್. ಅದೇ ಹಳದಿಗೆ ನೀಲಿ ಬೆರೆಸಿದರೆ ಹಸಿರು. ಬೇಗ ಒಣಗಲೆಂದೂ ಸೀಸ ಬೆರೆಸುತ್ತಿದ್ದರು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟು ಪ್ರಮಾಣದ ಸೀಸ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲ. ಕಟ್ಟಡಗಳ ಒಳಗೆ ಬಿಳಿ ಸೀಸದ ಬಳಕೆಯನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಕಾರ್ಮಿಕ ಸಂಘಟನೆ 1921ರಲ್ಲೇ ಜಿನೀವಾದಲ್ಲಿ ಮಾಡಿತ್ತು. ಅಮೆರಿಕ 1978ರಲ್ಲಿ ಮನೆಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿತು. ನಮ್ಮಲ್ಲಿ ಪೆಟ್ರೋಲಿನಿಂದ ಸೀಸ ಹೋದದ್ದು 2000ದಲ್ಲಿ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರಿನಿಂದ ಜಾರಿಯಾಯಿತು. ಅಂದರೆ ಜಿನೀವಾದ ಒಪ್ಪಂದಕ್ಕೂ ನಮ್ಮ ನಿಯಮಕ್ಕೂ ನಡುವೆ 95 ವರ್ಷ! ಅಷ್ಟರಲ್ಲಿ ಎಷ್ಟು ತಲೆಮಾರಿನ ಮಕ್ಕಳು ಆ ಕಪಾಟುಗಳ ಬುಡದಲ್ಲಿ ಅಂಬೆಗಾಲಿಟ್ಟವು?

ಹಾಗಾದರೆ ಯಾವ ಬಣ್ಣ?

ಆದ್ದರಿಂದ ಹಳೆಯ ಕಪಾಟಿಗೆ ಹೊಸ ಬಣ್ಣ ಆರಿಸುವ ಮೊದಲ ಹೆಜ್ಜೆ ಬಣ್ಣದ ಪಟ್ಟಿಯನ್ನು ನೋಡುವುದಲ್ಲ, ಹಳೆಯ ಪದರವನ್ನು ನೋಡುವುದು. ಬಹಳ ವರ್ಷದ ಬಣ್ಣವಾದರೆ ಅದನ್ನು ಒಣದಾಗಿ ಉಜ್ಜಬಾರದು, ಸುಡಲೂಬಾರದು. ಆ ಧೂಳೇ ವಿಷ. ನೀರು ಹಚ್ಚಿ ಉಜ್ಜಬೇಕು. ಆ ಹೊತ್ತಿನಲ್ಲಿ ಮಕ್ಕಳೂ ಗರ್ಭಿಣಿಯರೂ ದೂರವಿರಬೇಕು. ಪಾತ್ರೆಪಗಡೆ, ಧಾನ್ಯದ ಡಬ್ಬಗಳನ್ನು ಮೊದಲೇ ಹೊರಗಿಡಬೇಕು. ಕೆಲಸ ಮಾಡುವ ಪೇಂಟರನ ಮೂಗುಬಾಯಿಗೂ ರಕ್ಷಣೆ ಬೇಕು. ಅವನ ಮನೆಯಲ್ಲೂ ಮಕ್ಕಳಿದ್ದಾರೆ. ಹೊಸ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣದ ಬಗ್ಗೆ ಬರೆದಿರುವುದನ್ನು ಓದಬೇಕು.

ಬಣ್ಣದ ಆಯ್ಕೆ ಆಮೇಲೆ. ಗ್ಯಾಸ್ ಒಲೆ ಬಂದು ಮಸಿ ಕಡಿಮೆಯಾದ ಮೇಲೆ ಗಾಢ ಬಣ್ಣದ ಅನಿವಾರ್ಯತೆ ಉಳಿದಿಲ್ಲ. ಕಿಟಕಿ ಚಿಕ್ಕದಾದ ಹಳೆಯ ಮನೆಗಳಿಗೆ ತಿಳಿ ಬಣ್ಣ ಬೆಳಕು ಕೊಡುತ್ತದೆ. ಸುಣ್ಣ ಬಳಿಯುತ್ತಿದ್ದವರಿಗೆ ಇದು ಗೊತ್ತಿತ್ತು. ಸೌದೆ ಉರಿಯುವ ಮನೆಯಾದರೆ ಕಾವಿಯ ಕೆಂಪು, ಮಣ್ಣಿನ ಕಂದು ಈಗಲೂ ಬುದ್ಧಿವಂತಿಕೆಯ ಆಯ್ಕೆ.

ಇನ್ನೊಂದು ಮಾತು. ಬಣ್ಣಕ್ಕೆ ಹಣ ಕೊಡುವವನು ಸಾಮಾನ್ಯವಾಗಿ ಮನೆಯ ಯಜಮಾನ. ಆ ಬಣ್ಣದ ಎದುರು ದಿನಕ್ಕೆ ಐದಾರು ಗಂಟೆ ನಿಲ್ಲುವವಳು ಗೃಹಿಣಿ. ಹೊಯ್ಸಳ ಶಿಲ್ಪಿಗಳು ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಹೋದರು. ಕಣ್ಣೀರು ಸುರಿಸುತ್ತ ಆ ಕಪ್ಪು ಮೆರುಗಿನ ನಡುವೆ ಬದುಕು ಸವೆಸಿದ ಹೆಣ್ಣುಮಕ್ಕಳ ಹೆಸರು ಎಲ್ಲಿಯೂ ಇಲ್ಲ. ಯಾವ ಬಣ್ಣ ಬೇಕೆಂದು ಅವಳನ್ನು ಮೊದಲು ಕೇಳುವುದರಿಂದ ನಾವು ಕಳೆದುಕೊಳ್ಳುವುದೇನೂ ಇಲ್ಲ.