ಒಡೆದ ಗುಲ್ಮ
ಹೆರಿಗೆ ವಾರ್ಡಿನಲ್ಲಿ ‘ನೀರು ಒಡೆಯಿತು’ ಎನ್ನುತ್ತಾರೆ. ಕಬಡ್ಡಿ ಅಂಗಳದಲ್ಲಿ ಕಾಲು ತಿರುಚಿ ಬಿದ್ದವನ ಲಿಗಮೆಂಟ್ ಮಾತ್ರ ‘ಹರಿಯುತ್ತದೆ’. ಒಳಗೇನನ್ನಾದರೂ ತುಂಬಿಕೊಂಡದ್ದು ಒಡೆಯುತ್ತದೆ, ನಾರಿನಂಥದ್ದು ಹರಿಯುತ್ತದೆ. ಕನ್ನಡದ ಕಿವಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡದೆಯೇ ಗೊತ್ತು. ವೈದ್ಯರ ‘ರಪ್ಚರ್’ ಎರಡನ್ನೂ ಒಂದೇ ಪದದಲ್ಲಿ ಮುಗಿಸುತ್ತದೆ. ಹಿಂದಿನ ಇಂಗ್ಲಿಷರು ಹರ್ನಿಯಾವನ್ನೂ ಹಾಗೆಯೇ ಕರೆದರು. ಅಲ್ಲಿ ಕರುಳು ಒಡೆಯುವುದೇ ಇಲ್ಲ, ಹೊಟ್ಟೆಯ ಗೋಡೆ ಸಡಿಲವಾದೆಡೆ ಹೊರಕ್ಕೆ ನುಸುಳುತ್ತದೆ.

‘ರಪ್ಚರ್’ ಪದದ ಅತಿ ಕ್ರೂರ ಬಳಕೆ ಕಾಣುವುದು ಗುಲ್ಮದ ಚರಿತ್ರೆಯಲ್ಲಿ.

ಗುಲ್ಮ ಎಡಪಕ್ಕೆಲುಬುಗಳ ಮರೆಯಲ್ಲಿರುವ, ಸುಮಾರು 150 ಗ್ರಾಂ ತೂಕದ, ರಕ್ತ ತುಂಬಿದ ಅಂಗ. ಮಲೇರಿಯಾ ಪದೇ ಪದೇ ಕಾಡಿದರೆ ಊದಿಕೊಂಡು ಪಕ್ಕೆಲುಬಿನ ಕಾವಲು ದಾಟಿ ಕೆಳಗಿಳಿಯುತ್ತದೆ. ಕನ್ನಡದಲ್ಲಿ ಇದಕ್ಕೆ ಜ್ವರಗಡ್ಡೆ ಎಂಬ ಹೆಸರೇ ಇತ್ತು. ಹಾಗೆ ಊದಿದ ಗುಲ್ಮ ಸಣ್ಣ ಪೆಟ್ಟಿಗೂ ಒಡೆದು ಹೊಟ್ಟೆಯೊಳಗೇ ರಕ್ತ ಸುರಿಸಬಲ್ಲದು; ಹೊರಗೆ ಗಾಯವೇ ಕಾಣದಿರಬಹುದು.

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಆಗ್ರಾದ ಇಂಗ್ಲಿಷ್ ವಕೀಲ ಫುಲ್ಲರ್ ಒಂದು ಭಾನುವಾರ ಚರ್ಚಿಗೆ ಹೊರಟಿದ್ದ. ಗಾಡಿ ಬಾಗಿಲಿಗೆ ಬಂದಾಗ ಜೊತೆಗಿರಲಿಲ್ಲವೆಂದು ಕುದುರೆ ಆಳು ಕಟ್ವಾರುವಿಗೆ ಹೊಡೆದ, ಕೂದಲು ಹಿಡಿದೆಳೆದ. ಆಳು ಬಿದ್ದ, ಸ್ವಲ್ಪ ಹೊತ್ತಿನಲ್ಲೇ ಸತ್ತ. ಗುಲ್ಮ ಒಡೆದಿತ್ತೆಂದು ವೈದ್ಯಕೀಯ ಸಾಕ್ಷ್ಯ ಹೇಳಿತು. ಮ್ಯಾಜಿಸ್ಟ್ರೇಟ್ ಲೀಡ್ಸ್ ವಿಧಿಸಿದ ದಂಡ 30 ರೂಪಾಯಿ.

ಮಡಕೆ ಒಡೆಯುತ್ತದೆ, ಮಡಕೆಯನ್ನು ಯಾರಾದರೂ ಒಡೆಯುತ್ತಾರೆ ಕೂಡ. ‘ಗುಲ್ಮ ಒಡೆಯಿತು’ ಎಂಬಲ್ಲಿ ಹೊಡೆದ ಕೈಗೆ ಜಾಗವಿಲ್ಲ. ಸತ್ತವನ ದೇಹವೇ ತಪ್ಪಿತಸ್ಥನಂತೆ ನಿಲ್ಲುತ್ತದೆ. ವೈದ್ಯರ ವರದಿ ಸುಳ್ಳಾಗಿರಲಿಲ್ಲ, ಅದರಿಂದ ಹೊರಡಿಸಿದ ನ್ಯಾಯ ಅನ್ಯಾಯವಾಗಿತ್ತು. 1860ರ ದಂಡ ಸಂಹಿತೆಯ 299ನೇ ಕಲಮಿನ ಮೊದಲ ವಿವರಣೆಯಲ್ಲೇ ಇದಕ್ಕೆ ಉತ್ತರವಿತ್ತು: ಕಾಯಿಲೆಯಿದ್ದವನಿಗೆ ಗಾಯ ಮಾಡಿ ಸಾವನ್ನು ಬೇಗ ತಂದವನು ಆ ಸಾವನ್ನು ಉಂಟುಮಾಡಿದವನೇ.

1876ರಲ್ಲಿ ವೈಸರಾಯ್ ಲಿಟ್ಟನ್ ಫುಲ್ಲರ್ ಪ್ರಕರಣದ ತೀರ್ಪನ್ನು ಬಹಿರಂಗವಾಗಿ ಖಂಡಿಸಿದ, ಲೀಡ್ಸ್‌ನ ಬಡ್ತಿಯನ್ನೂ ತಡೆಹಿಡಿಸಿದ. ಭಾರತದ ಇಂಗ್ಲಿಷರ ಪತ್ರಿಕೆಗಳು ಹರಿಹಾಯ್ದದ್ದು ಫುಲ್ಲರ್ ಮೇಲಲ್ಲ, ಲಿಟ್ಟನ್ ಮೇಲೆ.