ಮಂಗಳದ ಪದ

ಪೂಜೆಯಾಗಲಿ, ಭಜನೆಯಾಗಲಿ, ಲಗ್ನವಾಗಲಿ, ಆರಂಭದ ಪದವನ್ನು ಆರಿಸುವದು ಸುಲಭ; ಮುಕ್ತಾಯದ ಪದವನ್ನು ಆರಿಸುವದು ಕಠಿಣ. ಆರಂಭಕ್ಕೆ ಗಣಪತಿಯ ಸ್ತುತಿಯೋ ಗುರುವಿನ ಸ್ಮರಣೆಯೋ ರೂಢಿಯಿಂದಲೇ ನಿಶ್ಚಿತವಾಗಿರುವದು. ಕೊನೆಯ ಪದವಾದರೋ ಕೂಡಿದ ಜನರ ಸಂಗಡ ಮನೆಯವರೆಗೆ ಹೋಗತಕ್ಕದ್ದು. ಅದರ ರಾಗ ಯಾವುದು, ಭಾಷೆ ಯಾವುದು, ಹಾಡತಕ್ಕವರು ಯಾರು ಎಂಬ ಮೂರು ಪ್ರಶ್ನೆಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ವಿಚಾರಕ್ಕೆ ಯೋಗ್ಯವಾಗಿವೆ.

ಮೊದಲು ರಾಗ. ದಕ್ಷಿಣಾದಿಯವರು ಮಂಗಳವನ್ನು ಸೌರಾಷ್ಟ್ರ, ಸುರಟಿ, ಮಧ್ಯಮಾವತಿಗಳಲ್ಲಿ ಹಾಡುವರು. ಉತ್ತರಾದಿಯವರು ಭೈರವಿಯಿಂದ ಕಛೇರಿಯನ್ನು ಮುಗಿಸುವರು. ಮಧ್ಯಮಾವತಿಯ ಐದು ಸ್ವರಗಳು ಷಡ್ಜ-ಪಂಚಮದ ನಂಟಿನಿಂದ ಸರಪಳಿಯಂತೆ ಹೆಣೆದುಕೊಂಡಿರುವದರಿಂದ ಕಿವಿಗೆ ಶಾಂತಿಯುಂಟಾಗುವದು. ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದಗಳು ನಾಲ್ಕೂ ಕೋಮಲವಾಗಿದ್ದು, ಅಗಲಿಕೆಯ ಆರ್ದ್ರತೆ ತಾನಾಗಿಯೇ ಒದಗುವದು. ಹಿಂದುಸ್ತಾನಿ ಪದ್ಧತಿ ಬೇರೂರಿದ ವಿಜಾಪುರದ ಸುತ್ತಿನಲ್ಲಿ ಭೈರವಿಗೇ ಮನ್ನಣೆ ಹೆಚ್ಚು.

ಎರಡನೆಯದು ಭಾಷೆ. ಈ ನಾಡು ಕನ್ನಡ ಮರಾಠಿಗಳ ಗಡಿ. ಆದಿಲಶಾಹಿಯ ಕಾಲದಲ್ಲಿಯೇ ಕಾಖಂಡಕಿಯ ಮಹಿಪತಿದಾಸರು ಕನ್ನಡದ ಜೊತೆಗೆ ಮರಾಠಿಯಲ್ಲಿಯೂ ದಖನಿಯಲ್ಲಿಯೂ ಪದಗಳನ್ನು ರಚಿಸಿದರು. ಮುಂದೆ ಲಿಂಗವಂತ ಕುಲದ ನಿಂಬರಗಿ ಮಹಾರಾಜರು ಕನ್ನಡದಲ್ಲಿ ಉಪದೇಶ ಮಾಡಿದರು. ಅವರ ಶಿಷ್ಯರಾದ ಉಮದಿಯ ಭಾವೂಸಾಹೇಬ ಮಹಾರಾಜರು 1885ರಲ್ಲಿ ಅಂದಿನ ಇಂಡಿ ತಾಲೂಕಿನ ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿದರು. ಬೆಳಗಿನ ಕಾಕಡಾರತಿ, ದಾಸಬೋಧದ ಪಠಣ, ಭಜನೆ, ಆರತಿ ಇವು ಆ ಸಂಪ್ರದಾಯದ ನಿತ್ಯನೇಮವಾದವು. ಗುರುವಿನ ಮಾತು ಕನ್ನಡ, ಪಾರಾಯಣದ ಗ್ರಂಥ ಮರಾಠಿ. ಆದರೂ ಒಂದು ಇನ್ನೊಂದನ್ನು ಹೊರಗೆ ನೂಕಲಿಲ್ಲ. ಇದೇ ಪರಂಪರೆಯ ಗುರುದೇವ ರಾನಡೆಯವರು ಇಂಡಿ ತಾಲೂಕಿನ ನಿಂಬಾಳದಲ್ಲಿ ನೆಲೆಸಿ ಎರಡೂ ಭಾಷೆಗಳ ಸಂತರ ಪದಗಳನ್ನು ಸಮಾನವಾದ ಆದರದಿಂದ ವಿವೇಚಿಸಿದರು. ಅವರು 1957ರಲ್ಲಿ ದೇಹವಿಟ್ಟ ಬಳಿಕ, ಕನ್ನಡ ಸಂತರನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1960ರಲ್ಲಿ ಹೊರಬಂದಿತು.

ಮೂರನೆಯದೇ ಮುಖ್ಯವಾದದ್ದು. ಭಜನೆಯ ನಡುವೆ ಕಂಠವುಳ್ಳವನೊಬ್ಬನು ಹಾಡಬಹುದು, ಉಳಿದವರು ಕೇಳಬಹುದು. ಆರತಿಯ ಹೊತ್ತಿಗೆ ಎಲ್ಲರೂ ಎದ್ದು ನಿಂತು ದನಿಗೂಡಿಸುವರು. ಲಗ್ನದಲ್ಲಿ ತಟ್ಟೆಯನ್ನು ಬೆಳಗುವ ಮುತ್ತೈದೆಯರ ಪದವೂ ಇಂಥದೇ. ಈ ವಿಚಾರವು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಜರ್ಮನಿಯಲ್ಲಿ ಲೂಥರನು 1526ರಲ್ಲಿ ಜನರ ಭಾಷೆಯ ಆರಾಧನಾ ಕ್ರಮವನ್ನು ಪ್ರಕಟಿಸಿ, ಸಭೆಯೇ ಹಾಡುವಂತೆ ಮಾಡಿ, ಆಶೀರ್ವಚನದಿಂದ ಅದನ್ನು ಮುಗಿಸಿದನು. ಬಾಸೆಲ್ ಮಿಶನ್ನಿನವರು ಕನ್ನಡ ನಾಡಿಗೆ ಬಂದಾಗ ಜರ್ಮನ್ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದರು. ಕಿಟ್ಟೆಲ್ ಪಂಡಿತರಾದರೋ 1862ರ ತಮ್ಮ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿಗೇ ಇಳಿಸಿದರು. ಪರದೇಶದ ಧಾಟಿಯನ್ನು ಕಲಿಸಬಹುದು. ಆದರೆ ಜನರು ತಾವಾಗಿ ಗುನುಗುವದು ತಮ್ಮ ನುಡಿಯ ಗತಿಯನ್ನೇ ಎಂಬುದನ್ನು ಆ ಪಂಡಿತರು ಅರಿತಿದ್ದರೆಂದು ಇದರಿಂದ ತೋರುವದು.

ಈಗ ಅನೇಕ ಕಡೆಗೆ ಧ್ವನಿವರ್ಧಕದಲ್ಲಿ ಮುದ್ರಿತ ಆರತಿಯನ್ನು ಹಚ್ಚಿ, ಜನರು ಕೈಮುಗಿದು ಸುಮ್ಮನೆ ನಿಲ್ಲುವದುಂಟು. ರಾಗ ಶುದ್ಧವಾಗಿರಬಹುದು, ಕಂಠ ಮಧುರವಾಗಿರಬಹುದು. ಆದರೆ ತಾನು ಹಾಡದ ಪದವನ್ನು ಯಾರೂ ಮನೆಗೆ ಒಯ್ಯಲಾರರು. ಆದ್ದರಿಂದ ಕೊನೆಯ ಪದವನ್ನು ಆರಿಸುವವರು ಗಾಯಕನ ಕಂಠವನ್ನಲ್ಲ, ಬಾಗಿಲ ಬಳಿ ಕುಳಿತ ಮುದುಕಿಯ ಕಂಠವನ್ನು ನೆನೆಯಬೇಕು. ಆಕೆ ದನಿಗೂಡಿಸಬಲ್ಲ ಪದವೇ ಮಂಗಳದ ಪದ.