ಹೈದರಾಬಾದಿನ ಸರ್ಕಾರಿ ಹೈಸ್ಕೂಲು: ಗುಣಮಟ್ಟ ಅಳೆದ ಬಗೆಗಳು

ಸರ್ಕಾರಿ ಹೈಸ್ಕೂಲೊಂದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಹೈದರಾಬಾದಿನಲ್ಲಿ ಕಾಲಕ್ಕೊಬ್ಬರ ಕೈಯಲ್ಲಿತ್ತು. ಮೊದಲು ತಪಾಸಣೆಗೆ ಬರುವ ಅಧಿಕಾರಿ, ಆಮೇಲೆ ಪರೀಕ್ಷಾ ಮಂಡಳಿ, ಅದರ ಬೆನ್ನಿಗೇ ಅಂಕಿಅಂಶ ತುಂಬಿಸಿಕೊಳ್ಳುವ ಕಂಪ್ಯೂಟರು, ಈಚೆಗೆ ಸಂಶೋಧಕರು. ಇವರಲ್ಲಿ ಹೆಚ್ಚಿನವರು ತಮಗೆ ಎಣಿಸಲು ಸುಲಭವಾದದ್ದನ್ನೇ ಗುಣಮಟ್ಟವೆಂದು ಬಗೆದರು. ಮಗು ಶಾಲೆಗೆ ಸೇರುವಾಗ ಎಷ್ಟು ಬಲ್ಲದಾಗಿತ್ತು, ಹೊರಡುವಾಗ ಎಷ್ಟು ಕಲಿತಿತ್ತು ಎಂಬ ಲೆಕ್ಕ ಬಹಳ ತಡವಾಗಿ ಬಂತು. ಇಲಾಖೆಯ ಕಡತದೊಳಕ್ಕೆ ಅದು ಇನ್ನೂ ಸರಿಯಾಗಿ ಕಾಲಿಟ್ಟಿಲ್ಲ.

1854ರಲ್ಲಿ ವುಡ್ ಅವರ ಶಿಕ್ಷಣ ನಿರೂಪ ಹೊರಟ ಮೇಲೆ ಬ್ರಿಟಿಷ್ ಪ್ರಾಂತಗಳಲ್ಲಿ ಶಿಕ್ಷಣ ಇಲಾಖೆ, ಅನುದಾನ, ಶಾಲಾ ಇನ್ಸ್‌ಪೆಕ್ಟರು ಎಂಬ ಮೂರು ಏರ್ಪಾಡುಗಳು ಒಟ್ಟೊಟ್ಟಿಗೆ ಬಂದವು. ಆ ಹೊತ್ತಿಗೇ ಹೈದರಾಬಾದಿನಲ್ಲಿ ದಿವಾನ ಮೊದಲನೆಯ ಸಾಲಾರ್ ಜಂಗ್ ದಾರುಲ್ ಉಲೂಮ್ ಶಾಲೆಯನ್ನು ತೆರೆದಿದ್ದರು. ನಿಜಾಮರ ಸಂಸ್ಥಾನ ಮುಂದೆ ತನ್ನದೇ ಇಲಾಖೆ ಕಟ್ಟಿದಾಗ ತಪಾಸಣೆಯ ಪದ್ಧತಿಯನ್ನು ಉರ್ದು ಹೆಸರುಗಳಲ್ಲಿ ತಂದುಕೊಂಡಿತು: ಮೇಲೆ ನಾಜಿಮ್-ಎ-ತಾಲೀಮಾತ್, ಕೆಳಗೆ ಮೊಹ್ತಮಿಮ್‌ಗಳು. ತಪಾಸಣೆಯ ಕ್ರಮ ಮದರಾಸಿನಲ್ಲಿ, ಮೈಸೂರಿನಲ್ಲಿ, ಹೈದರಾಬಾದಿನಲ್ಲಿ ಹೆಚ್ಚುಕಡಿಮೆ ಒಂದೇ. ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರು, ಫೀಜಿನ ಲೆಕ್ಕ ನೋಡುವುದು. ಕಟ್ಟಡವನ್ನು ಒಂದು ಸುತ್ತು ಹಾಕುವುದು. ತರಗತಿಗೆ ಹೋಗಿ ಇಬ್ಬರು ಮೂವರನ್ನು ಎಬ್ಬಿಸಿ ಓದಿಸುವುದು, ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿಸುವುದು. ಕೊನೆಗೆ ಸಂದರ್ಶನ ಪುಸ್ತಕದಲ್ಲಿ ನಾಲ್ಕು ಸಾಲಿನ ಷರಾ. ಮುಖ್ಯೋಪಾಧ್ಯಾಯರ ವರ್ಷದ ದುಡಿಮೆಯೆಲ್ಲ ಆ ಷರಾದ ಮೇಲೆ ನಿಲ್ಲುತ್ತಿತ್ತು.

ಸಂಸ್ಥಾನದ ಶಿಕ್ಷಣ ಇಲಾಖೆಯನ್ನು 1916ರಿಂದ 1928ರವರೆಗೆ ನಡೆಸಿದವರು ಸೈಯದ್ ರಾಸ್ ಮಸೂದ್. ಸರ್ ಸೈಯದ್ ಅಹಮದ್ ಖಾನರ ಮೊಮ್ಮಗನಾದ ಅವರು 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಾಲೆಗಳನ್ನು ನೋಡಿಬಂದರು, ಮರುವರ್ಷ ಆ ವ್ಯವಸ್ಥೆಯ ಬಗ್ಗೆ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಹೊಸ ಜ್ಞಾನವನ್ನೆಲ್ಲ ಜಪಾನೀಯರು ತಮ್ಮ ನುಡಿಯಲ್ಲೇ ಕಲಿಸುತ್ತಿದ್ದದ್ದು ಅವರ ಗಮನ ಸೆಳೆಯಿತು. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಇದು ಒಳ್ಳೆಯ ಸಮರ್ಥನೆಯಾಗಿತ್ತು. ಆದರೆ ಗುಲಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡ ಮನೆಯ ಮಕ್ಕಳಿಗೆ ಈ ತರ್ಕ ತಿರುಗುಬಾಣ. ಅವರ ಪಾಲಿಗೆ ಉರ್ದು ಮನೆಯ ನುಡಿಯಲ್ಲ. ಹೈಸ್ಕೂಲಿನಲ್ಲಿ ಎದ್ದು ನಿಂತ ಹುಡುಗ ಉತ್ತರ ಹೇಳಲು ತಡವರಿಸಿದರೆ ಅದು ಪಾಠದ ಕೊರತೆಯೋ ಭಾಷೆಯ ತೊಡಕೋ ಎಂದು ತಪಾಸಣೆಗೆ ಬಂದವರಿಗೆ ತಿಳಿಯುವ ಹಾದಿ ಇರಲಿಲ್ಲ. ಗುಲಬರ್ಗಾದಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ಹೈದರಾಬಾದಿನ ಕಾಚಿಗುಡದ ನೃಪತುಂಗ ಶಾಲೆ ಮುಂತಾದ ಖಾಸಗಿ ಪ್ರಯತ್ನಗಳ ಹಿನ್ನೆಲೆಯಲ್ಲಿ ಈ ತೊಡಕೂ ಇದೆ.

ಇನ್‌ಸ್ಪೆಕ್ಟರ ಷರಾಕ್ಕೆ ಹಣ ಕಟ್ಟಿದರೆ ಏನಾಗುತ್ತದೆಂಬುದನ್ನು ಹೊರಗಿನ ಲೋಕ ಆಗಲೇ ಕಂಡಿತ್ತು. ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ 1862ರಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಸಂಹಿತೆಯನ್ನು ಜಾರಿಗೆ ತಂದರು. ಮದರಾಸು, ಮುಂಬಯಿ ಪ್ರಾಂತಗಳೂ ಅದನ್ನು ಎತ್ತಿಕೊಂಡವು. ಇನ್‌ಸ್ಪೆಕ್ಟರು ಕೇಳುವ ಪಠ್ಯವನ್ನೇ ಮಕ್ಕಳು ಬಾಯಿಪಾಠ ಮಾಡತೊಡಗಿದರು. ಕೇಳದ ವಿಷಯಗಳು ವೇಳಾಪಟ್ಟಿಯಿಂದ ಮಾಯವಾದವು. ಇಂಗ್ಲೆಂಡಿನಲ್ಲಿ ಆ ಶತಮಾನ ಮುಗಿಯುವುದರೊಳಗೆ, ಇಲ್ಲಿ ಅದಾದ ಕೆಲವು ವರ್ಷಗಳಲ್ಲಿ ಪದ್ಧತಿ ಕಳಚಿಬಿತ್ತು.

ಸ್ವಾತಂತ್ರ್ಯದ ನಂತರ ಎರಡು ಆಯೋಗಗಳು ತಪಾಸಣೆಯನ್ನು ತಿದ್ದಲು ನೋಡಿದವು. 1952–53ರ ಮೊದಲಿಯಾರ್ ಆಯೋಗ, ಅಧಿಕಾರಿ ತಪ್ಪು ಹುಡುಕುವವನಾಗದೆ ಶಾಲೆಗೆ ಸಲಹೆಗಾರನಾಗಬೇಕೆಂದಿತು. 1964–66ರ ಕೊಠಾರಿ ಆಯೋಗ ಆಡಳಿತವನ್ನೂ ಶೈಕ್ಷಣಿಕ ಮಾರ್ಗದರ್ಶನವನ್ನೂ ಬೇರ್ಪಡಿಸಬೇಕೆಂದಿತು, ಹೈಸ್ಕೂಲಿನ ಸುತ್ತ ಕೆಳಗಿನ ಶಾಲೆಗಳನ್ನು ಕೂಡಿಸಿದ ಶಾಲಾ ಸಂಕೀರ್ಣಗಳನ್ನು ಸೂಚಿಸಿತು. ಹೆಸರುಗಳು ಉಳಿದವು. ಒಬ್ಬ ಉಪ ಶಿಕ್ಷಣಾಧಿಕಾರಿಗೆ ಹತ್ತಾರು ಹೈಸ್ಕೂಲು, ಜತೆಗೆ ವರ್ಗಾವಣೆ, ಕೋರ್ಟು ಕೇಸು, ಪರೀಕ್ಷಾ ಕೆಲಸ. ಇದರ ನಡುವೆ ಪಾಠ ಕೇಳಿಸಿಕೊಳ್ಳಲು ಪುರುಸೊತ್ತು ಉಳಿಯುವುದಿಲ್ಲ. 1956ರಲ್ಲಿ ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಯಿತು. ಮುಂದೆ ಹತ್ತನೇ ತರಗತಿಯ ಎಸ್‌ಎಸ್‌ಸಿ ಪರೀಕ್ಷೆಯ ಉತ್ತೀರ್ಣ ಪ್ರಮಾಣವೇ ಶಾಲೆಯ ಗುಣಮಟ್ಟದ ಪ್ರಮಾಣವಾಗಿ ನಿಂತಿತು.

ಈ ಅಂಕಿ ಅಗ್ಗ, ಎಲ್ಲರಿಗೂ ಅರ್ಥವಾಗುತ್ತದೆ, ಪ್ರತಿ ವರ್ಷ ಸಿಗುತ್ತದೆ. ಅದರ ದೋಷಗಳೂ ಅಷ್ಟೇ ಹಳೆಯವು. ಬಡ ಮಕ್ಕಳು ಹೆಚ್ಚಿರುವ ಶಾಲೆಯನ್ನು ಅದು ಬಡತನಕ್ಕಾಗಿ ದಂಡಿಸುತ್ತದೆ. ನೂರಕ್ಕೆ ನೂರು ತೋರಿಸಬೇಕೆಂದರೆ ದುರ್ಬಲ ವಿದ್ಯಾರ್ಥಿಯನ್ನು ಒಂಬತ್ತರಲ್ಲೇ ತಡೆಯುವುದು ಸುಲಭದ ದಾರಿ. ಹನ್ನೆರಡು ಮಕ್ಕಳು ಪರೀಕ್ಷೆಗೆ ಕೂತ ಶಾಲೆಯಲ್ಲಿ ಒಬ್ಬ ಫೇಲಾದರೆ ಫಲಿತಾಂಶ ಎಂಟು ಅಂಶ ಕುಸಿಯುತ್ತದೆ. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಭಾಗದ ಕನ್ನಡ ಮಾಧ್ಯಮ ಶಾಲೆಗಳಂಥ ಚಿಕ್ಕ ಶಾಲೆಗಳಿಗೆ ಇದು ವರ್ಷವರ್ಷದ ಜೂಜು. 2022ರಲ್ಲಿ ತೆಲಂಗಾಣದ ಪಟ್ಟಿಯಲ್ಲಿ ಸಿದ್ದಿಪೇಟೆ 97.85 ಪ್ರತಿಶತದೊಂದಿಗೆ ಮೊದಲಿತ್ತು, ಹೈದರಾಬಾದು 79.63ರೊಂದಿಗೆ ಕೊನೆಯಲ್ಲಿತ್ತು. ರಾಜಧಾನಿಯ ಶಿಕ್ಷಕರು ಸಿದ್ದಿಪೇಟೆಯವರಿಗಿಂತ ಅಷ್ಟು ಕೆಟ್ಟವರೆಂದು ಇದರಿಂದ ಹೇಳಲಾಗದು. ವಲಸೆ ಬಂದ ಕುಟುಂಬಗಳು, ಶಾಲೆಯ ಜತೆಗೇ ಕೆಲಸಕ್ಕೆ ಹೋಗುವ ಹುಡುಗರು, ಕೈಯಲ್ಲಿ ನಾಲ್ಕು ಕಾಸಿರುವವರೆಲ್ಲ ಖಾಸಗಿ ಶಾಲೆಗೆ ಹೋದ ಮೇಲೆ ಉಳಿದ ದಾಖಲಾತಿ: ಈ ಯಾವುದೂ ಆ 79.63ರಲ್ಲಿ ಕಾಣುವುದಿಲ್ಲ.

ಪರೀಕ್ಷೆಯ ಭೂತವನ್ನು ಇಳಿಸಲು ನಿರಂತರ ಹಾಗೂ ಸಮಗ್ರ ಮೌಲ್ಯಮಾಪನ ಬಂತು. ಎಸ್‌ಎಸ್‌ಸಿಯಲ್ಲಿ ಅಂಕದ ಬದಲು ಗ್ರೇಡು ಮತ್ತು ಜಿಪಿಎ ಬಂದವು. 80 ಅಂಕ ಪಬ್ಲಿಕ್ ಪರೀಕ್ಷೆಗೆ, 20 ಅಂಕ ಶಾಲೆಗೆ ಎಂದಾಯಿತು. ಆ 20 ಅಂಕ ನಾಲ್ಕು ತುಂಡು: ಪುಸ್ತಕ ಓದಿ ಅಭಿಪ್ರಾಯ ಬರೆಯುವುದು, ಬರವಣಿಗೆಯ ಕೆಲಸ, ಪ್ರಾಜೆಕ್ಟು, ಸ್ಲಿಪ್ ಟೆಸ್ಟು, ಒಂದೊಂದಕ್ಕೆ ಐದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಕಷ್ಟ. ತರಗತಿಯಲ್ಲಿ ಪ್ರಾಜೆಕ್ಟು ಗೈಡಿನಿಂದ ನಕಲಾಗುತ್ತದೆ, ಐದಕ್ಕೆ ಐದು ಬೀಳುತ್ತದೆ. ಇದರ ದೊಡ್ಡ ಪರೀಕ್ಷೆ ಕೊರೋನಾ ಕಾಲದಲ್ಲಿ ಅನಾಯಾಸವಾಗಿ ನಡೆದುಹೋಯಿತು. 2021ರಲ್ಲಿ ತೆಲಂಗಾಣ ಪಬ್ಲಿಕ್ ಪರೀಕ್ಷೆಯನ್ನು ರದ್ದುಮಾಡಿ ಶಾಲೆಯೇ ಕೊಟ್ಟ ಆಂತರಿಕ ಅಂಕಗಳ ಮೇಲೆ ಎಲ್ಲರನ್ನೂ ಪಾಸು ಮಾಡಿತು. ಐದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಎರಡು ಲಕ್ಷಕ್ಕೂ ಮೀರಿ 10 ಜಿಪಿಎ ಪಡೆದರು. ಮರುವರ್ಷ ಪಬ್ಲಿಕ್ ಪರೀಕ್ಷೆ ಮರಳಿದಾಗ ಆ ಸಂಖ್ಯೆ 11 ಸಾವಿರದ ಆಸುಪಾಸಿಗೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗುವುದಿಲ್ಲ. 2024ರ ಕೊನೆಯಲ್ಲಿ ಸರ್ಕಾರ ಆಂತರಿಕ ಅಂಕವನ್ನು ತೆಗೆದುಹಾಕುವುದಾಗಿ ಹೇಳಿ, ಆ ಸಾಲಿಗೆ ಹಿಂದೆ ಸರಿಯಿತು.

ಕರ್ನಾಟಕದಲ್ಲಿ ಇದೇ ಪಾಠ ಬೇರೆ ದಾರಿಯಿಂದ ಬಂತು. 2023ರಲ್ಲಿ 83.89 ಪ್ರತಿಶತವಿದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದರೂ, 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಆ ಕೃಪಾಂಕವಿಲ್ಲದೆ ಅದು 62ರ ಸುಮಾರಿಗೆ ಬಂತು. ಹಿಂದಿನ ವರ್ಷಗಳಲ್ಲಿ ಆ ಅಂಕಿಯ ಮೇಲೆ ಶಾಲೆಗಳಿಗೆ ಸಿಕ್ಕ ಶಹಭಾಸ್‌ಗಿರಿ, ಮುಖ್ಯೋಪಾಧ್ಯಾಯರ ಕೈಸೇರಿದ ನೋಟೀಸು ಎರಡನ್ನೂ ಈಗ ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಫಲಿತಾಂಶದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದ್ದು ಅಮೆರಿಕದ ಜೇಮ್ಸ್ ಕೋಲ್‌ಮನ್. ಅವರ 1966ರ ವರದಿ, ಮಕ್ಕಳ ಅಂಕಗಳಲ್ಲಿನ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಕ್ಕಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣವೆಂದಿತು. 1979ರಲ್ಲಿ ಮೈಕೆಲ್ ರಟರ್ ತಂಡ ಲಂಡನ್ನಿನ 12 ಪ್ರೌಢಶಾಲೆಗಳನ್ನು ಹಿಂಬಾಲಿಸಿ, ಒಂದೇ ಬಗೆಯ ಮಕ್ಕಳು ಸೇರಿದರೂ ಶಾಲೆಯ ಒಳಗಿನ ಶಿಸ್ತು, ನಿರೀಕ್ಷೆ, ಪಾಠದ ರೀತಿಯಿಂದ ಫಲ ಬೇರೆಯಾಗುತ್ತದೆಂದು ತೋರಿಸಿತು. ಆಂಧ್ರಪ್ರದೇಶದಲ್ಲಿ ಈ ಎಚ್ಚರ ಬೇಕಾಗಿದ್ದದ್ದು ವಸತಿ ಶಾಲೆಗಳ ವಿಷಯದಲ್ಲಿ. ಪಿ.ವಿ. ನರಸಿಂಹರಾವ್ ಮುಖ್ಯಮಂತ್ರಿಯಾಗಿದ್ದಾಗ 1971ರಲ್ಲಿ ಆಗಿನ ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ ಶುರುವಾದ ವಸತಿ ಶಾಲೆಯಿಂದ ಇಂದಿನ ಗುರುಕುಲಗಳವರೆಗೆ, ಸರ್ಕಾರಿ ವಲಯದ ಅತ್ಯುತ್ತಮ ಫಲಿತಾಂಶಗಳು ಅಲ್ಲಿಂದಲೇ ಬರುತ್ತವೆ. ಅಲ್ಲಿನ ಪಾಠ ಚೆನ್ನಾಗಿರಬಹುದು. ಆದರೆ ಪ್ರವೇಶ ಪರೀಕ್ಷೆಯಲ್ಲಿ ಆರಿಸಿದ ಮಕ್ಕಳು, ಹಗಲಿರುಳು ಒಂದೇ ಆವರಣ. ಅದನ್ನು ಪಕ್ಕದ ಬಸ್ತಿಯ ಶಾಲೆಯ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ.

1990ರ ದಶಕದ ನಡುವಿನಿಂದ ಎಣಿಕೆಯ ಯುಗ. ಡೈಸ್ ಎಂಬ ಮಾಹಿತಿ ವ್ಯವಸ್ಥೆ 1995ರ ಹೊತ್ತಿಗೆ ಹುಟ್ಟಿ, 2012–13ರಲ್ಲಿ ಪ್ರೌಢಶಾಲೆಗಳನ್ನೂ ಸೇರಿಸಿಕೊಂಡು ಯುಡೈಸ್ ಆಯಿತು. ಕೊಠಡಿ, ಶೌಚಾಲಯ, ಕುಡಿಯುವ ನೀರು, ಕಾಂಪೌಂಡು, ಶಿಕ್ಷಕರ ಸಂಖ್ಯೆ ಎಲ್ಲವೂ ವರ್ಷಕ್ಕೊಮ್ಮೆ ದಾಖಲಾಗತೊಡಗಿದವು. 2010ರ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇವುಗಳಲ್ಲಿ ಕೆಲವನ್ನು ಕಡ್ಡಾಯ ಮಾಡಿತು, ಆದರೆ ಎಂಟನೇ ತರಗತಿಗೆ ನಿಂತಿತು. ಹೈಸ್ಕೂಲಿನ ಎರಡು ವರ್ಷ ಅದರ ಹೊರಗೆ. 2022ರ ಮಾರ್ಚ್‌ನಲ್ಲಿ ತೆಲಂಗಾಣ ಆರಂಭಿಸಿದ ‘ಮನ ಊರು–ಮನ ಬಡಿ’, ನಗರದಲ್ಲಿ ‘ಮನ ಬಸ್ತಿ–ಮನ ಬಡಿ’, 26,065 ಶಾಲೆಗಳಿಗೆ 7,289 ಕೋಟಿ ರೂಪಾಯಿಯ ಯೋಜನೆಯಾಗಿತ್ತು. ನೀರಿರುವ ಶೌಚಾಲಯ, ವಿದ್ಯುತ್ತು, ಹಸಿರು ಬೋರ್ಡು, ಬಣ್ಣ, ಅಡುಗೆಮನೆ, ಹೈಸ್ಕೂಲಿಗೆ ಊಟದ ಸಭಾಂಗಣ ಸೇರಿ 12 ಅಂಶಗಳು. ಹೈದರಾಬಾದಿನ ಪಾಡಿಗೆ ಈ ನಮೂನೆ ಅಷ್ಟಾಗಿ ಹೊಂದುವುದಿಲ್ಲ. ಹಳೇ ಊರಿನಲ್ಲಿ ಬಾಡಿಗೆ ಕಟ್ಟಡದ ಶಾಲೆಗಳಿವೆ. ಒಂದೇ ಆವರಣದಲ್ಲಿ ಎರಡು ಮೂರು ಶಾಲೆಗಳು, ಒಂದು ಉರ್ದು, ಒಂದು ತೆಲುಗು, ಒಂದೇ ನಲ್ಲಿ ಹಂಚಿಕೊಂಡು ನಡೆಯುವುದೂ ಇದೆ. ಆ ನಲ್ಲಿ ಎಲ್ಲ ಶಾಲೆಗಳ ನಮೂನೆಯಲ್ಲೂ ‘ಇದೆ’ ಎಂದೇ ಬರುತ್ತದೆ.

ಸೌಕರ್ಯದಿಂದ ಕಲಿಕೆಗೆ ಗಮನ ತಿರುಗಿದ್ದು 2000ದ ನಂತರ, ಅದರಲ್ಲಿ ಹೈದರಾಬಾದಿನ ಪಾತ್ರ ಚಿಕ್ಕದಲ್ಲ. ಜೇಮ್ಸ್ ಟೂಲಿ ಮತ್ತು ಪೌಲಿನ್ ಡಿಕ್ಸನ್ ಚಾರ್ಮಿನಾರ್, ಬಹಾದ್ದೂರ್‌ಪುರ, ಬಂಡ್ಲಗೂಡ ಸುತ್ತಿನ ಬಡ ಬಡಾವಣೆಗಳಲ್ಲಿ 918 ಶಾಲೆಗಳನ್ನು ಎಣಿಸಿದರು. ಅವುಗಳಲ್ಲಿ ಸುಮಾರು 60 ಪ್ರತಿಶತ ಅನುದಾನವಿಲ್ಲದ ಖಾಸಗಿ ಶಾಲೆಗಳು, ಹಲವು ಮಾನ್ಯತೆಯೂ ಇಲ್ಲದವು. ಅಲ್ಲಿನ ಮಕ್ಕಳು ಸರ್ಕಾರಿ ಶಾಲೆಯವರಿಗಿಂತ ಚೆನ್ನಾಗಿ ಅಂಕ ತೆಗೆಯುತ್ತಾರೆಂಬುದು ಅವರ ವಾದ. 2010ರಲ್ಲಿ ಪದ್ಮಾ ಸಾರಂಗಪಾಣಿ ಮತ್ತು ಕ್ರಿಸ್ಟೋಫರ್ ವಿಂಚ್ ಇದಕ್ಕೆ ಪ್ರತ್ಯುತ್ತರ ಬರೆದರು. ಮುಂದೆ ಸಾರಂಗಪಾಣಿ ನಗರದ ಮುಷೀರಾಬಾದಿನ ಶಾಲೆಗಳನ್ನು ಅಧ್ಯಯನ ಮಾಡಿದಾಗ ಅಂಕಕ್ಕಷ್ಟೇ ನಿಲ್ಲದೆ ಯಾವ ವರ್ಗದ ಮಕ್ಕಳು ಯಾವ ಶಾಲೆಗೆ ಬರುತ್ತಾರೆ, ಶಾಲೆ ಏನನ್ನು ಗುರಿಯಾಗಿಟ್ಟುಕೊಂಡಿದೆ, ತರಗತಿಯಲ್ಲಿ ನಡೆಯುವ ಬೋಧನೆ ಯಾವ ಬಗೆಯದು ಎಂಬುದನ್ನೂ ಸೇರಿಸಿಕೊಂಡರು. ಈ ವಿವಾದದಲ್ಲಿ ಹೆಚ್ಚು ಬಾಳಿಕೆ ಬಂದದ್ದು ಈ ಎರಡನೆಯ ದಾರಿ.

ಫಲಿತಾಂಶಕ್ಕೆ ಹಣ ಕಟ್ಟುವ ಹಳೆಯ ಆಲೋಚನೆಯೂ ಮರಳಿತು, ಈ ಸಲ ಪ್ರಯೋಗದ ರೂಪದಲ್ಲಿ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ, ಮಕ್ಕಳ ಪ್ರಗತಿಗೆ ತಕ್ಕಂತೆ ಶಿಕ್ಷಕರಿಗೆ ಬೋನಸ್ ಕೊಟ್ಟು ನೋಡಿದರು. ಎರಡು ವರ್ಷದ ಬಳಿಕ ಬೋನಸ್ ಶಾಲೆಗಳ ಮಕ್ಕಳು ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಮಾನಕ ವಿಚಲನೆಯಷ್ಟು ಮುಂದಿದ್ದರು. ಲೋ ಅವರ ಸಂಹಿತೆಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಅಳೆದದ್ದು ಮಗು ಮುಟ್ಟಿದ ಮಟ್ಟವನ್ನಲ್ಲ, ಹಿಂದಿನ ಮಟ್ಟದಿಂದ ಏರಿದ ಎತ್ತರವನ್ನು.

ಹೈಸ್ಕೂಲಿಗೆ ಇದೇ ಅಳತೆಯನ್ನು ತಂದದ್ದು ‘ಯಂಗ್ ಲೈವ್ಸ್’. 2002ರಿಂದ ಆಗಿನ ಆಂಧ್ರಪ್ರದೇಶದ ಸುಮಾರು 3,000 ಮಕ್ಕಳನ್ನು, ಹೈದರಾಬಾದಿನವರನ್ನೂ ಕೂಡಿಸಿ, ಬೆಳೆಯುವವರೆಗೆ ಹಿಂಬಾಲಿಸಿದ ಈ ಅಧ್ಯಯನ 2016–17ರಲ್ಲಿ ಎರಡೂ ತೆಲುಗು ರಾಜ್ಯಗಳ ಒಂಬತ್ತನೇ ತರಗತಿಗಳಲ್ಲಿ ಗಣಿತ ಮತ್ತು ಬಳಕೆಯ ಇಂಗ್ಲಿಷಿನ ಪರೀಕ್ಷೆ ನಡೆಸಿತು, ವರ್ಷದ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಎರಡರಲ್ಲೂ ಕೆಲವು ಪ್ರಶ್ನೆಗಳು ಸಮಾನವಾಗಿದ್ದುದರಿಂದ ಆ ವರ್ಷದಲ್ಲಿ ಮಗು ಎಷ್ಟು ಮುಂದೆ ಹೋಯಿತೆಂಬುದು ಒಂದೇ ಅಳತೆಗೋಲಿನಲ್ಲಿ ಸಿಕ್ಕಿತು. ಇಲಾಖೆಯ ಯಾವ ಪರೀಕ್ಷೆಯೂ ಇಷ್ಟನ್ನು ಹೇಳುವುದಿಲ್ಲ.

ಉಳಿದ ಸಮೀಕ್ಷೆಗಳು ಹೈದರಾಬಾದಿನ ಒಂದು ನಿರ್ದಿಷ್ಟ ಶಾಲೆಯ ಬಗ್ಗೆ ಮೌನ. 2005ರಿಂದ ನಡೆಯುತ್ತಿರುವ ‘ಅಸರ್’ ಗ್ರಾಮೀಣ ಜಿಲ್ಲೆಗಳದ್ದು, ಪೂರ್ತಿ ನಗರವಾದ ಹೈದರಾಬಾದು ಅದರಲ್ಲಿಲ್ಲ. 2021ರ ನವೆಂಬರ್‌ನ ರಾಷ್ಟ್ರೀಯ ಸಾಧನಾ ಸಮೀಕ್ಷೆ ಹತ್ತನೇ ತರಗತಿಯನ್ನು, 2024ರ ಡಿಸೆಂಬರ್‌ನ ‘ಪರಖ್’ ಸಮೀಕ್ಷೆ ಒಂಬತ್ತನ್ನು ಒಳಗೊಂಡವು. ಎರಡನೆಯದು 781 ಜಿಲ್ಲೆಗಳ 74 ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಮುಟ್ಟಿತು. ಅವು ಮಾದರಿ ಸಮೀಕ್ಷೆಗಳು, ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತವೆ.

ಶಾಲೆಯೇ ತನ್ನನ್ನು ತಾನು ನೋಡಿಕೊಳ್ಳುವ ಪ್ರಯತ್ನ 2015ರಲ್ಲಿ ‘ಶಾಲಾ ಸಿದ್ಧಿ’ಯಾಗಿ ಬಂತು. ಸಂಪನ್ಮೂಲ, ಬೋಧನೆ, ಮಕ್ಕಳ ಪ್ರಗತಿ, ಶಿಕ್ಷಕರ ಬೆಳವಣಿಗೆ, ನಾಯಕತ್ವ, ಒಳಗೊಳ್ಳುವಿಕೆ ಮತ್ತು ಸುರಕ್ಷತೆ, ಸಮುದಾಯದ ಪಾಲು ಎಂಬ ಏಳು ಕ್ಷೇತ್ರಗಳಲ್ಲಿ ಶಾಲೆ ತನಗೆ ತಾನೇ ಮೂರು ಹಂತಗಳಲ್ಲೊಂದನ್ನು ಕೊಟ್ಟುಕೊಳ್ಳಬೇಕು, ಬಳಿಕ ಹೊರಗಿನವರು ಬಂದು ಪರಿಶೀಲಿಸಬೇಕು. ಹೊರಗಿನವರು ಬಾರದಿದ್ದರೆ ಇದು ಮತ್ತೊಂದು ಆನ್‌ಲೈನ್ ನಮೂನೆಯಾಗಿ ಉಳಿಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020, ಶಾಲೆ ನಡೆಸುವ ಇಲಾಖೆಯಿಂದ ಬೇರೆಯಾದ ರಾಜ್ಯ ಶಾಲಾ ಮಾನದಂಡ ಪ್ರಾಧಿಕಾರವನ್ನು ಸೂಚಿಸಿತು. ಸರ್ಕಾರಿ ಶಾಲೆಗೂ ಖಾಸಗಿ ಶಾಲೆಗೂ ಒಂದೇ ಮಾನದಂಡ, ಮಾಹಿತಿ ಎಲ್ಲರಿಗೂ ತೆರೆದಿರಬೇಕೆಂಬುದು ಅದರ ಷರತ್ತು. ತೆಲಂಗಾಣದಲ್ಲಿ ಸದ್ಯಕ್ಕೆ ಚುರುಕಾಗಿ ಹೆಜ್ಜೆಯಿಟ್ಟದ್ದು ಬೇರೊಂದು ಕಡೆ: ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ ಮೊದಲು ವಿದ್ಯಾರ್ಥಿಗಳಿಗೆ, 2025ರ ಆಗಸ್ಟ್‌ನಿಂದ ಶಿಕ್ಷಕರಿಗೂ ಬಂದಿದೆ. 2003ರಲ್ಲಿ ದೇಶದಾದ್ಯಂತ ಪ್ರಾಥಮಿಕ ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋದ ಸಂಶೋಧಕರು ನಾಲ್ವರಲ್ಲಿ ಒಬ್ಬ ಶಿಕ್ಷಕ ಶಾಲೆಯಲ್ಲಿಲ್ಲವೆಂದು ಕಂಡಿದ್ದನ್ನು ನೆನೆದರೆ ಇದು ಬೇಡವೆನ್ನಲಾಗದು. ಕೊಠಡಿಗೆ ಬಂದ ಶಿಕ್ಷಕ ಆ ನಲವತ್ತೈದು ನಿಮಿಷದಲ್ಲಿ ಏನು ಮಾಡಿದನೆಂಬುದು ಮಾತ್ರ ಈ ಯಂತ್ರಕ್ಕೆ ಕಾಣುವುದಿಲ್ಲ.